ನಮ್ಮವ್ವನನ್ನು ಬರೆದವನು

ಮಾನ್ಯ ಅಧ್ಯಕ್ಷರಾದ ದೊಡ್ಡಸಿದ್ದಯ್ಯನವರೇ, ಮಳವಳ್ಳಿಯಿಂದ ಬಸ್ಸಿನ ಧೂಳು ಕುಡಿದುಕೊಂಡು ಬಂದಿರುವ ಮುಖ್ಯ ಅತಿಥಿಗಳಾದ ಕರಿಯಪ್ಪ ಮೇಷ್ಟರೇ, ಹಾರ ಹಾಕಿಸಿಕೊಂಡು ಕುಳಿತಿರುವ ಸಿದ್ದರಾಜು, ಬೆಸಗರಹಳ್ಳಿಯ ಸಭಿಕರೇ, ಮತ್ತು ಹಿಂದುಗಡೆ ಕಂಬದ ಮಗ್ಗುಲಲ್ಲಿ ಕುಳಿತು ನಮ್ಮೆಲ್ಲರ ಊಟಕ್ಕಾಗಿ ಅವರೆ ಹಿತುಕುತ್ತಿರುವ ತಾಯಂದಿರೇ,

ಸಿದ್ದರಾಜುವಿನ ಹೆಸರಿನ ಹಿಂದೆ ನಾನು ಶ್ರೀಯುತ ಎಂದು ಸೇರಿಸಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿರುವ ಅವನ ಸೋದರತ್ತೆ ಚಿಕ್ಕಬೋರಮ್ಮನವರು ಅದನ್ನು ಗಮನಿಸಿ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾರೆ. ಮರೆತು ಬಿಟ್ಟದ್ದಲ್ಲ, ತಾಯಿ. ಸೇರಿಸಬೇಕು ಎಂದುಕೊಂಡು ಬಾಯಿ ತೆರೆದೆ, ಬಾಯಿ ಒಪ್ಪಲಿಲ್ಲ.

ಈ ವಾಚನಾಲಯಕ್ಕೆ ಒಂದು ನಿಯಮವಿದೆ. ಅದನ್ನು ಮಾಡಿದವನು ನಾನೇ. ಯಾವ ಹೊಸ ಪುಸ್ತಕವೇ ಬರಲಿ, ಅದರ ಮೊದಲ ಅಧ್ಯಾಯವನ್ನು ಇಲ್ಲಿನ ಓದುಗಾರ ಊರಿನವರ ಮುಂದೆ ಗಟ್ಟಿಯಾಗಿ ಓದಬೇಕು. ಆಮೇಲೆಯೇ ಅದು ಬೀರುವಿಗೆ ಹೋಗಬೇಕು. ಅಕ್ಷರ ಬಾರದವನಿಗೂ ಬೀರುವಿನೊಳಗೆ ಏನಿದೆ ಎಂದು ಗೊತ್ತಿರಬೇಕಲ್ಲವೆ? ಓದುಗಾರ ನಾನು. ಇಂದಿನ ವಾರ್ಷಿಕೋತ್ಸವದಲ್ಲಿ ಓದಬೇಕಾದ ಪುಸ್ತಕ ಈ ಮೇಜಿನ ಮೇಲಿದೆ. ಇದರ ಹೆಸರು ‘ಪುಟ್ಟಮಾದಮ್ಮನ ಜಗಲಿ’. ಬರೆದವನು ಸಿದ್ದರಾಜು. ಇದನ್ನು ನಾನು ಓದುವುದಿಲ್ಲ ಎಂದು ಹೋದ ವಾರ ಸಮಿತಿಯವರಿಗೆ ಹೇಳಿದ್ದೆ. ಅದಕ್ಕೆ ಅಧ್ಯಕ್ಷರು ತಮ್ಮ ಎಲೆಅಡಿಕೆ ಚೀಲ ಮುಚ್ಚಿ ನನಗೆ ಏನೆಂದರು ಗೊತ್ತೆ? “ಲೇ ಮುದ್ದಯ್ಯ, ಓದ್ದೆ ಇದ್ರೆ ಬುಡು. ಆದ್ರೆ ಯಾಕೆ ಓದಾಕಿಲ್ಲ ಅಂತ ಅವತ್ತು ಜನದ ಮುಂದೆ ನಿಂತ್ಕಂಡು ಏಳು. ಮನೇಲಿ ಕುಂತ್ಕಂಡು ಮೂತಿ ಊದಿಸ್ಕಬ್ಯಾಡ.”

ಆದ್ದರಿಂದ ಈಗ ನಿಂತಿದ್ದೇನೆ.

ಸಭಿಕರೇ, ಪುಟ್ಟಮಾದಮ್ಮ ಎಂದರೆ ನಮ್ಮವ್ವ. ನಿಮಗೆಲ್ಲ ಗೊತ್ತು. ಈ ಪುಸ್ತಕದಲ್ಲಿ ಮಾತಾಡುವವಳು ನನ್ನ ಅವ್ವ, ಆ ಜಗಲಿ ನನ್ನ ಮನೆಯ ಜಗಲಿ. ಬರೆದವನು ಮಾತ್ರ ಮೂರನೆಯ ಬೀದಿಯವನು. ಇದನ್ನು ಮಂಡ್ಯದಲ್ಲಿ ಅಚ್ಚು ಹಾಕಿಸಿ, ಮೈಸೂರಿನ ದೊಡ್ಡವರಿಂದ ಭೇಷ್ ಅನ್ನಿಸಿಕೊಂಡು, ನಮ್ಮ ಊರಿಗೆ ಕಳಿಸಿ, ನನಗೇ ಓದು ಎಂದರೆ, ನಾನು ಹೇಗೆ ಓದಲಿ? ನಿಮ್ಮಲ್ಲಿ ಯಾರಾದರೂ ಓದುತ್ತಿದ್ದಿರಾ?

ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೇಷ್ಟರು ಗಡಿಯಾರ ನೋಡುತ್ತಿದ್ದಾರೆ. ಕೊನೆಯ ಬಸ್ಸು ಹೇಗೂ ಹೋಯಿತು, ಮೇಷ್ಟರೇ. ಇಂದು ನೀವು ನಮ್ಮ ಊರಿನವರೇ.

ಶಿವಪುರದಲ್ಲಿ ಬಾವುಟ ಹಾರಿಸಿದ ವರ್ಷ ನಾನು ಮಾಧ್ಯಮಿಕ ಶಾಲೆ ಬಿಟ್ಟಿದ್ದೆ. ಜನರ ಕಾಲಸಂದಿಯಲ್ಲಿ ನುಗ್ಗಿ ಹೋಗಿ ಆ ಗದ್ದಲವನ್ನು ನೋಡಿ ಬಂದೆ. ವಾಪಸು ಬರುವಾಗ ಮದ್ದೂರಿನ ಸ್ಟೇಷನ್ನಿನ ಹೊರಗೆ ಗೋಣಿತಟ್ಟು ಹಾಸಿ ಸಣ್ಣ ಸಣ್ಣ ಪುಸ್ತಕ ಮಾರುತ್ತಿದ್ದವನನ್ನು ಕಂಡೆ. ಒಂದೊಂದೂ ಅಂಗೈಯಗಲ. ಸ್ವರಾಜ್ಯವೆಂದರೇನು, ಮದ್ಯಪಾನದ ಕೇಡು, ಇಚ್ಛಾಶಕ್ತಿಯನ್ನು ಬೆಳೆಸುವ ಬಗೆ, ತಣ್ಣೀರ ಸ್ನಾನದ ಫಲ. ನನಗೆ ಗುರು ಅಂತ ಯಾರಾದರೂ ಇದ್ದರೆ ಆ ಗೋಣಿತಟ್ಟು. ಅಂದಿನಿಂದ ನನ್ನ ಜೇಬಿನಲ್ಲಿ ಅಂಥ ಪುಸ್ತಕ ಒಂದಿಲ್ಲದ ದಿನವೇ ಇಲ್ಲ. ಉಳುವಾಗ ಸೊಂಟದಲ್ಲಿ, ಗದ್ದೆಗೆ ನೀರು ಕಟ್ಟುವಾಗ ಬದುವಿನ ಮೇಲೆ, ಉಣ್ಣುವಾಗ ತಣಿಗೆಯ ಪಕ್ಕದಲ್ಲಿ. ಮನುಷ್ಯ ತನ್ನನ್ನು ತಾನು ತಿದ್ದಿಕೊಳ್ಳದೆ ದೇಶವನ್ನು ತಿದ್ದಲಾರ ಎಂದು ಅವುಗಳಲ್ಲಿ ಬರೆದಿತ್ತು. ಇವತ್ತಿಗೂ ನಾನು ಅದನ್ನು ನಂಬುತ್ತೇನೆ. ಯಾರಾದರೂ ನಕ್ಕರೆ ನಗಲಿ.

ಯುದ್ಧ ಶುರುವಾದ ಮೇಲೆ ಮದ್ದೂರಿನ ಬಸ್ಸಿನಲ್ಲಿ ದಿನಪತ್ರಿಕೆ ತರಿಸುವ ಏರ್ಪಾಟು ಮಾಡಿದೆ. ಹಿಂದಿನ ದಿನದ ಪತ್ರಿಕೆ ಸಾಯಂಕಾಲ ಬರುತ್ತಿತ್ತು. ನಮ್ಮ ಜಗಲಿಯ ಮೇಲೆ ಕುಳಿತು ನಾನು ಓದುತ್ತಿದ್ದೆ. ಈ ವಾಚನಾಲಯದ ತಾಯಿಬೇರು ಅದೇ. ನನ್ನ ಓದು ಹೇಗಿತ್ತು? ಒಂದು ಒತ್ತು ಬಿಡುತ್ತಿರಲಿಲ್ಲ, ಒಂದು ಮಹಾಪ್ರಾಣ ನುಂಗುತ್ತಿರಲಿಲ್ಲ. ಆದರೆ ನಾನು ಓದಿ ಪತ್ರಿಕೆ ಮಡಿಸುವಷ್ಟರಲ್ಲಿ, ಅಗೋ ಅಲ್ಲಿ ಗೋಡೆಗೆ ಒರಗಿ ಕುಳಿತಿದ್ದಾರಲ್ಲ ಹುಚ್ಚೀರಯ್ಯನವರು, ಅವರು ಕೂಗುತ್ತಿದ್ದರು: “ಓದಿದ್ದಾಯ್ತಾ ಮುದ್ದಯ್ಯ? ಸಂದಾಕ್ ಓದ್ದೆ ಬುಡಪ್ಪ. ಇನ್ ಸಿದ್ದರಾಜು ಏಳ್ಳಿ.”

ಸಿದ್ದರಾಜು ಏಳ್ಳಿ! ಓದುವವನು ಒಬ್ಬ, ಅರ್ಥ ಹೇಳುವವನು ಇನ್ನೊಬ್ಬ. ಕಥೆಪುರಾಣ ಓದುವಾಗ ನಡೆದು ಬಂದ ಪದ್ಧತಿ ಪತ್ರಿಕೆಗೂ ಅಂಟಿಕೊಂಡಿತು. ಪತ್ರಿಕೆ ತರಿಸಿದವನು ನಾನು, ಗಂಟಲು ನೋಯಿಸಿಕೊಂಡವನು ನಾನು, ದೀಪದ ಹೊಗೆ ಕುಡಿದವನು ನಾನು. ಇವನು ಬಾಯಲ್ಲಿ ಹುಲ್ಲುಕಡ್ಡಿ ಕಚ್ಚಿಕೊಂಡು ಎಲ್ಲರ ಹಿಂದೆ ಕುಳಿತಿರುತ್ತಿದ್ದ. ಲಂಡನ್ ನಗರದ ಮೇಲೆ ವಿಮಾನಗಳು ಬಾಂಬಿನ ಮಳೆಗರೆದವು ಎಂದು ನಾನು ಓದಿದರೆ, ಇವನು ಕಡ್ಡಿ ತೆಗೆದು ಹೇಳುತ್ತಿದ್ದ: “ನಿಮ್ ಅಟ್ಟಿ ಮ್ಯಾಲೆ ಮೋಡದಿಂದ ಉರಿಯೋ ಒಲೆ ಬಿದ್ದಂಗೆ ಕಣ್ರಲಾ. ಅವ್ವ ಮಕ್ಳನ್ನ ಎತ್ಕಂಡು ನೆಲದೊಳೀಕೆ ಇಲಿ ತರ ಓಗಿ ಸೇರ್ಕತಾಳೆ, ಬೆಳಿಗ್ಗೆ ಎದ್ ಬಂದ್ ನೋಡ್ತಾಳೆ, ಮನೆ ಇಲ್ಲ, ಬಾಗ್ಲು ಮಾತ್ರ ನಿಂತದೆ.” ಅಷ್ಟೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಪತ್ರಿಕೆಯಲ್ಲಿ ಇಲಿ ಎಲ್ಲಿತ್ತು? ಬಾಗಿಲು ಎಲ್ಲಿತ್ತು? ನಾನು ಹುಡುಕಿ ನೋಡಿದ್ದೇನೆ, ಸ್ವಾಮಿ. ಇರಲಿಲ್ಲ.

ಇವನು ಎಂಥವನು ಎಂದು ಮೇಷ್ಟರಿಗೆ ಗೊತ್ತಿಲ್ಲ. ಸನ್ಮಾನಿತರ ಗುಣಗಾನ ಮಾಡುವುದು ನನ್ನ ಪಾಲಿನ ಕೆಲಸವಾದ್ದರಿಂದ ಹೇಳುತ್ತೇನೆ. ನಾನು ಕೋಳಿ ಕೂಗುವ ಮೊದಲೇ ಎದ್ದು ಶಿಂಷಾ ನದಿಯ ತಣ್ಣೀರಿಗೆ ಇಳಿಯುತ್ತಿದ್ದೆ. ಇವನು ಸೂರ್ಯ ಅಂಗಳಕ್ಕೆ ಬಂದರೂ ಕಂಬಳಿ ಎಳೆದುಕೊಳ್ಳುತ್ತಿದ್ದ. ನಾನು ಎಲೆಅಡಿಕೆ ಮುಟ್ಟಿಲ್ಲ. ಇವನು ಈಗಲೂ ಸಭಿಕರ ಕಣ್ಣು ತಪ್ಪಿಸಿ ಜಗಿಯುತ್ತಿದ್ದಾನೆ, ನೋಡಿ. ನಾನು ಪ್ರತಿದಿನ ಶುದ್ಧಬರಹ ತಿದ್ದುತ್ತಿದ್ದೆ. ಇವನ ಬರಹ ನೋಡಿದರೆ ಕೋಳಿ ಹಿಟ್ಟು ತುಳಿದು ಓಡಾಡಿದಂತಿದೆ. ಮನಸ್ಸು ಶುದ್ಧವಾದರೆ ಬರವಣಿಗೆ ತಾನಾಗಿಯೇ ಹರಿಯುತ್ತದೆ ಎಂದು ನನ್ನ ಪುಸ್ತಕಗಳಲ್ಲಿತ್ತು. ಸರಿ, ನಾನು ಶುದ್ಧನಾದೆ. ಹರಿದದ್ದು ಯಾರಿಗೆ?

ಇದೆಲ್ಲವನ್ನೂ ನುಂಗಿಕೊಳ್ಳುತ್ತಿದ್ದೆ. ಊರು ಅವನ ಬಾಯಿ ನೋಡಲಿ, ಊರಿಗೆ ಬುದ್ಧಿ ಬರುವ ಕಾಲಕ್ಕೆ ಬರುತ್ತದೆ ಎಂದುಕೊಂಡಿದ್ದೆ. ಆದರೆ ನಮ್ಮವ್ವ?

ಅವರೆ ಕಾಲದಲ್ಲಿ ನಮ್ಮ ಮನೆಗಳ ಪದ್ಧತಿ ಹೇಗೆಂದು ನಿಮಗೆ ಹೇಳಿಕೊಡಬೇಕೆ? ಕಾಳು ನೆನೆಹಾಕಿದ ಬೋಗುಣಿ ಜಗಲಿಗೆ ಬಂತೆಂದರೆ, ಆ ಹೊತ್ತಿಗೆ ಯಾರು ಬಂದರೂ ಸರಿಯೆ, ನೆಂಟನೋ ಸಾಲ ಕೇಳುವವನೋ, ಕುಳಿತು ನೀರಿಗೆ ಕೈ ಹಾಕಬೇಕು. ಎರಡು ಬೆರಳಲ್ಲಿ ಕಾಳು ಹಿಡಿದು ಹಿತುಕಿದರೆ ಬೇಳೆ ಪುಳಕ್ಕನೆ ಜಾರಿ ಬೋಗುಣಿಗೆ, ಸಿಪ್ಪೆ ಮೊರಕ್ಕೆ. ಬಂದವರು ಕೈ ಹಾಕದೆ ಕುಳಿತರೆ ಆ ಮನೆಯ ಮೇಲೆ ಮುನಿಸು ಎಂದು ಅರ್ಥ. ಆ ಕೆಲಸಕ್ಕೆ ಬೆಳಕು ಬೇಡ, ಬೆರಳಿಗೆ ಕಣ್ಣಿರುತ್ತದೆ. ಬಾಯಿ ಬಿಡುವಾಗಿರುತ್ತದೆ, ಆದ್ದರಿಂದ ಮಾತು ಬರುತ್ತದೆ.

ಯುದ್ಧ ಕಾಲದಲ್ಲಿ ಸೀಮೆಎಣ್ಣೆ ಸಿಗುತ್ತಿತ್ತೆ? ನಮ್ಮ ಮನೆಗೆ ಒಂದೇ ಲಾಟೀನು. ಪತ್ರಿಕೆ ಕೇಳಿದ ಜನ ಎದ್ದು ಹೋದ ಮೇಲೆ ನಾನು ಅದನ್ನು ಒಳಗೆ ತಂದು ನನ್ನ ಪುಸ್ತಕ ಹಿಡಿದು ಕೂರುತ್ತಿದ್ದೆ. ಅವ್ವ ಜಗಲಿಯ ಕತ್ತಲಲ್ಲಿ ಬೋಗುಣಿ ಇಟ್ಟುಕೊಂಡು ಕೂರುತ್ತಿದ್ದಳು. ಸಿದ್ದರಾಜು ಮನೆಗೆ ಹೋಗುತ್ತಿರಲಿಲ್ಲ. ತಾಯಿಯಿಲ್ಲದವನು, ಅತ್ತೆಯ ಮನೆಯಲ್ಲಿ ಬೆಳೆದವನು, ಹೋಗಲಿ ಎಂದು ನಾನೂ ಸುಮ್ಮನಿದ್ದೆ. ಅವನೂ ಬೋಗುಣಿಗೆ ಕೈ ಹಾಕುತ್ತಿದ್ದ. ಹೊರಗೆ ಪಿಸಪಿಸ. ನಡುವೆ ನಗು. ಮತ್ತೆ ಪಿಸಪಿಸ. ಒಂದು ದಿನ ಅವ್ವ ಎಷ್ಟು ನಕ್ಕಳೆಂದರೆ ಬೋಗುಣಿಯೇ ಉರುಳಿತು. ನಾನು ಕೈಯಲ್ಲಿದ್ದ ಪುಸ್ತಕದ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ. ಕಿವಿ ಬಾಗಿಲಲ್ಲಿತ್ತು.

“ಅವ್ವ, ಏನದು ಅಷ್ಟೊಂದು ನಗು?” ಎಂದು ಕೇಳಿದರೆ, “ಏನಿಲ್ಲ ಕಣ್ಲಾ, ನೀ ಓದ್ಕೊ. ದೀಪ ಸಂದಾಕ್ ಕಾಣ್ತದಾ?” ಅಷ್ಟೇ. ನನ್ನ ಪಾಲಿಗೆ ಬಂದ ಮಾತು ಅಷ್ಟೇ. ದೀಪ ಸಂದಾಕ್ ಕಾಣ್ತದಾ. ನನಗೆ ದೀಪ, ಅವನಿಗೆ ಮಾತು.

ನಾನೂ ಹೊರಗೆ ಹೋಗಿ ಕೈ ಹಾಕಬಹುದಿತ್ತಲ್ಲ ಎಂದು ಯಾರೋ ಮೆಲ್ಲಗೆ ಅಂದರು. ಕೇಳಿಸಿತು. ಒದ್ದೆ ಕೈಯಲ್ಲಿ ಪುಸ್ತಕ ಹಿಡಿಯಲಿಕ್ಕಾಗುತ್ತದೆಯೆ, ಸ್ವಾಮಿ? ನಾನು ಓದುತ್ತಿದ್ದೆ. ಓದುವುದು ಅಪರಾಧವೆ?

ಎರಡು ವರ್ಷದ ಹಿಂದೆ ನಾಲೆಯ ನೀರು ಬಂದ ಹೊಸತರಲ್ಲಿ ಊರಿಗೆ ಚಳಿಜ್ವರ ಹಬ್ಬಿತಲ್ಲ, ಅದರಲ್ಲಿ ಅವ್ವ ಹೋದಳು. ಅದರ ವಿವರ ಇಲ್ಲಿ ಬೇಡ. ಹೋದ ಮೇಲೆ, ಅವಳನ್ನು ಕುರಿತು ಬರೆಯಬೇಕು ಎಂದು ಕುಳಿತೆ. ಸತ್ತವರನ್ನು ಉಳಿಸಿಕೊಳ್ಳಲು ಬರವಣಿಗೆಗಿಂತ ಬೇರೆ ದಾರಿ ನನಗೆ ಗೊತ್ತಿರಲಿಲ್ಲ. ಮಂಡ್ಯದಿಂದ ಒಳ್ಳೆಯ ಕಾಗದ ತಂದೆ. ಸ್ನಾನ ಮಾಡಿದೆ. ಬರೆದೆ: ‘ನನ್ನ ಮಾತೆಯು ಸದ್ಗುಣಶೀಲೆಯಾಗಿದ್ದಳು. ಆಕೆಯು ಶ್ರಮಜೀವಿಯಾಗಿದ್ದಳು. ಆಕೆಯ ತ್ಯಾಗವು ಅಪಾರವಾದುದು.’ ಓದಿ ನೋಡಿದೆ. ಒಂದು ತಪ್ಪಿಲ್ಲ. ಅದರೊಳಗೆ ಅವ್ವನೂ ಇಲ್ಲ. ಅದು ಯಾರ ತಾಯಿಯಾದರೂ ಆಗಬಹುದಿತ್ತು. ಅವಳು ಹೇಗೆ ಕೆಮ್ಮುತ್ತಿದ್ದಳು, ಯಾರನ್ನು ಬಯ್ಯುತ್ತಿದ್ದಳು, ಹುಡುಗಿಯಾಗಿದ್ದಾಗ ಯಾವುದಕ್ಕೆ ಹೆದರುತ್ತಿದ್ದಳು? ನನ್ನ ಬಳಿ ಇದ್ದದ್ದು ಒಂದೇ ಸಾಲು. ದೀಪ ಸಂದಾಕ್ ಕಾಣ್ತದಾ.

ಆಗ ಬಂತು ಈ ಪುಸ್ತಕ. ಅಂಚೆಯಲ್ಲಿ ಬಂದದ್ದನ್ನು ಬಿಚ್ಚಿ, ನಿಂತಲ್ಲೇ ಮಧ್ಯದ ಒಂದು ಪುಟ ಓದಿದೆ. ಅವ್ವ ಹುಡುಗಿಯಾಗಿದ್ದಾಗ ಎಮ್ಮೆಯ ಮೇಲೆ ಕುಳಿತು ಹೊಳೆ ದಾಟುತ್ತಿದ್ದಳಂತೆ, ನಡುನೀರಿನಲ್ಲಿ ಎಮ್ಮೆ ಮಲಗಿಬಿಟ್ಟಿತಂತೆ, ಅವಳು ಅದರ ಕಿವಿ ಹಿಡಿದುಕೊಂಡು ಅದಕ್ಕೆ ಮದುವೆ ಮಾಡಿಸುತ್ತೇನೆಂದು ಪುಸಲಾಯಿಸಿದಳಂತೆ. ಪುಸ್ತಕ ಮುಚ್ಚಿಬಿಟ್ಟೆ. ಅವಳ ದನಿ ಕಿವಿಗೆ ಬಡಿಯಿತು. ನನ್ನ ಅವ್ವ ಎಮ್ಮೆಯ ಮೇಲೆ ಕುಳಿತದ್ದು ನನಗೆ ಗೊತ್ತಿಲ್ಲ, ಮೈಸೂರಿನವರಿಗೆ ಗೊತ್ತು! ಹೊಟ್ಟೆಯೊಳಗೆ ಕೆಂಡ ಸುರಿದಂತಾಯಿತು. ಇಷ್ಟು ಜನದ ಮುಂದೆ ಹೇಳುತ್ತಿದ್ದೇನೆ, ಇದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ. ಅಸೂಯೆ ಎಂದರೆ ಗ್ರಂಥದ ಮಾತಾಗುತ್ತದೆ. ಹೊಟ್ಟೆಕಿಚ್ಚು.

ಅದಕ್ಕೇ ಓದುವುದಿಲ್ಲ ಎಂದೆ. ಇಂದು ಬೆಳಿಗ್ಗೆಯವರೆಗೂ ಅದೇ ಹಟದಲ್ಲಿದ್ದೆ.

ಬೆಳಿಗ್ಗೆ ಸಮಿತಿಯವರು, ಈಗ ಮಂಡ್ಯದಲ್ಲಿರುವ ಸಿದ್ದರಾಜುವನ್ನು ಕರೆತರಲು ನನ್ನನ್ನೇ ಮದ್ದೂರಿಗೆ ಕಳಿಸಿದರು. ಬೇಕೆಂದೇ ಕಳಿಸಿದರು, ನನಗೆ ಗೊತ್ತು. ಮೈಸೂರಿನಿಂದ ಬರುವ ರೈಲು ಯಲಿಯೂರಿನಲ್ಲಿ ನಿಂತುಬಿಟ್ಟಿತ್ತಂತೆ, ಬಹಳ ತಡವಾಗಿ ಬಂತು. ಇಳಿದವನು ನನಗೆ ನಮಸ್ಕಾರ ಹೇಳಲಿಲ್ಲ, ಕ್ಷೇಮ ಕೇಳಲಿಲ್ಲ. “ಒಟ್ಟೆ ಅಸೀತದೆ, ವಡೆ ಕೊಡ್ಸು” ಎಂದ. ಕೊಡಿಸಿದೆ. ಅಲ್ಲೇ ಪ್ಲಾಟ್‌ಫಾರಂನಲ್ಲಿ ನಿಂತು ಕೇಳಿದೆ.

“ನಮ್ಮವ್ವನ್ನ ಯಾರನ್ ಕೇಳ್ಕಂಡು ಬರ್ದೆಲಾ?”

“ನಿಮ್ಮವ್ವನ್ನೇ ಕೇಳ್ಕಂಡು ಬರ್ದೆ.”

“ಬೊಗಳೆ ಬುಡ್ಬ್ಯಾಡ.”

“ವಡೆ ತಿನ್ನು, ಆರೋಯ್ತದೆ.”

“ಲೇ ಸಿದ್ದ, ನನ್ ತಾವ ಆಡ್ದೆ ಇರೋ ಮಾತ್ನ ನಿನ್ ತಾವ ಯಾಕ್ಲಾ ಆಡುದ್ಲು ಅವ್ಳು? ಅವ್ಳ ಒಟ್ಟೇಲಿ ಉಟ್ಟಿದ್ದು ನೀನಾ ನಾನಾ?”

ಅವನು ಕೈಯ ಎಣ್ಣೆಯನ್ನು ತಲೆಗೆ ಒರೆಸಿಕೊಂಡ. ಸಭ್ಯತೆ ನೋಡಿ. ಆಮೇಲೆ ಹೇಳಿದ: “ಏನ್ ಆಡುದ್ಲು ಅಂದ್ಕಂಡಿದ್ದೀಯ ನೀನು? ಅವ್ಳು ಆಡೋಕ್ ಕುಂತ್ಕತಿರ್ಲಿಲ್ಲ ಕಣ್ಲಾ, ಕೇಳಾಕ್ ಕುಂತ್ಕತಿದ್ಲು. ಜನ ಎದ್ದೋದ್ ಮ್ಯಾಲೆ, ‘ಸಿದ್ದ, ನನ್ ಮಗ ಇವತ್ತು ಏನೋದ್ದ, ಬುಡ್ಸಿ ಏಳ್ಲಾ’ ಅನ್ನೋಳು. ಪೇಪರ್ದು ಮಾತ್ರ ಅಲ್ಲ, ನಿನ್ ಜೋಬಿನ್ ಪುಸ್ತಕದ್ದೂ. ಅದ್ನ ನಿನ್ ತಾವ ಇಸ್ಕಂಡ್ ಓಗಿ ಓದ್ಕಂಡ್ ಬಾ ಅಂತ ನಂಗೆ ಏಳಿ ಕಳಿಸೋಳು. ನಾ ಏಳುದ್ ಮ್ಯಾಲೆ, ‘ಅಂಗಂತಾನಾ ನನ್ ಮಗ? ಅಂಗಾರೆ ನಂದೂ ಒಂದದೆ ಕೇಳು’ ಅಂತ ಆವಾಗ ಸುರು ಮಾಡೋಳು. ಇಚ್ಚಾಸಕ್ತಿ ಓದಿದ್ಯಲ್ಲ, ಆವತ್ತೇ ಎಮ್ಮೆ ಕತೆ ಬಂದಿದ್ದು. ಬ್ರಮ್ಮಚರ್ಯದ್ ಪುಸ್ತಕದ್ ದಿನ ನಕ್ಕೂ ನಕ್ಕೂ ಬೋಗುಣಿನೇ ಉಳ್ಳುಸುದ್ಲು.”

ನಗಿ, ನಗಿ. ನಾನು ನಗಲಿಲ್ಲ. ಅವನು ನನ್ನ ಹತ್ತಿರ ಪುಸ್ತಕ ಎರವಲು ಕೇಳುತ್ತಿದ್ದದ್ದು ನಿಜ. ಸೋಮಾರಿಗೂ ಸುಧಾರಣೆಯ ಹಂಬಲ ಬಂತು ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ.

“ಮತ್ ನನ್ನೇ ಕೇಳ್ಬೋದಿತ್ತಲ್ಲ?” ಎಂದೆ.

“ನಾನೂ ಅಂಗೇ ಅಂದೆ. ‘ಅವ್ನು ಓದ್ತಾವ್ನೆ, ಮಾತಾಡಿಸ್ಬ್ಯಾಡ’ ಅಂದ್ಲು.” ವಡೆ ಸುತ್ತಿದ್ದ ಎಲೆಯನ್ನು ಮುದುರಿ ಹಳಿಗಳ ಮೇಲೆ ಎಸೆದ. ಆಮೇಲೆ, “ನಿಂಗ್ ಒಟ್ಟೆ ಉರೀತದಲ್ಲ, ನಂಗ್ ಎಂಗಾಯ್ತಿತ್ತು ಗೊತ್ತಾ? ನನ್ ಪಕ್ಕ ಕುಂತ್ಕಂಡು ದಿನಾಲೂ ನಿನ್ ಮಾತೇಯ. ನಾ ಇತುಕಿದ್ ಬೇಳೆ ಎಲ್ಲಾ ನಿನ್ ತಣಿಗೆಗೆ ಓಯ್ತಿತ್ತು” ಎಂದ. ಎಂದವನೇ ನನ್ನ ಕೈಯಲ್ಲಿ ಆರುತ್ತಿದ್ದ ವಡೆಯನ್ನೂ ತೆಗೆದುಕೊಂಡು ತಿಂದುಬಿಟ್ಟ.

ಸಭಿಕರೇ, ಇದನ್ನು ಕೇಳಿ ನನ್ನ ಹೊಟ್ಟೆಕಿಚ್ಚು ಆರಿತು, ಇಬ್ಬರೂ ತಬ್ಬಿಕೊಂಡೆವು ಎಂದು ಹೇಳಿದರೆ ನೀವು ಚಪ್ಪಾಳೆ ತಟ್ಟುತ್ತೀರಿ. ಆದರೆ ಆರಲಿಲ್ಲ. ಬಸ್ಸಿನಲ್ಲಿ ಇಲ್ಲಿಗೆ ಬರುವವರೆಗೂ ಅವನ ಕಡೆ ತಿರುಗಿ ನೋಡಲಿಲ್ಲ. ಮೊದಲು ಏನೆಂದುಕೊಂಡಿದ್ದೆ? ಅವ್ವ ತನ್ನ ಕಥೆಯನ್ನು ಪರರ ಮಗನಿಗೆ ಹೇಳಿದಳು ಎಂದು. ಈಗ ಗೊತ್ತಾಯಿತು, ನಾನು ಓದಿದ ಪ್ರತಿಯೊಂದು ಪುಸ್ತಕಕ್ಕೂ ಅವಳು ಉತ್ತರ ಕೊಟ್ಟಿದ್ದಳು. ನನಗೇ ಕೊಟ್ಟ ಉತ್ತರ. ನಾನು ಗೋಡೆಯ ಈಚೆ, ದೀಪದ ಕೆಳಗೆ ಕುಳಿತಿದ್ದೆ. ಅದು ಗೋಡೆಯ ಆಚೆ ಇವನ ಕಿವಿಗೆ ಬೀಳುತ್ತಿತ್ತು. ಇದಕ್ಕಿಂತ ದೊಡ್ಡ ಹೊಟ್ಟೆಕಿಚ್ಚಿಗೆ ಕಾರಣ ಬೇಕೆ? ಇಚ್ಛಾಶಕ್ತಿ ಇರುವ ಮನುಷ್ಯ ಏನು ಮಾಡಬೇಕು? ನನ್ನ ಪುಸ್ತಕಗಳಲ್ಲಿ ಹುಡುಕಿದೆ, ಇದರ ಬಗ್ಗೆ ಬರೆದಿಲ್ಲ.

ಬಸ್ಸಿನಲ್ಲಿ ಕುಳಿತು ನಾನೇ ತೀರ್ಮಾನಿಸಿದೆ. ಅಧ್ಯಕ್ಷರೇ, ನಿಯಮ ಮಾಡಿದವನು ಅದನ್ನು ಒಂದು ಸಲ ತಿದ್ದಬಹುದೆಂದು ತಮ್ಮ ಅಪ್ಪಣೆ ಕೇಳುತ್ತೇನೆ. ಈ ಪುಸ್ತಕವನ್ನು ನಾನು ಓದುವುದಿಲ್ಲ. ಓದಲಾರೆ. ಇದು ನನಗೆ ಹೇಳಿದ ಮಾತು. ನನಗೆ ಹೇಳಿದ ಮಾತನ್ನು ನಾನು ಕೇಳಬೇಕು. ಊರಿಗೆಲ್ಲ ಓದಿ ಹೇಳಿದ ಈ ಮುದ್ದಯ್ಯನಿಗೆ ಇವತ್ತಿನವರೆಗೂ ಒಬ್ಬರೂ ಓದಿ ಹೇಳಿಲ್ಲ.

ಸಿದ್ದರಾಜು ಓದಲಿ. ಒತ್ತು ನುಂಗುತ್ತಾನೆ, ಮಹಾಪ್ರಾಣ ಬಿಡುತ್ತಾನೆ. ಪರವಾಗಿಲ್ಲ, ಅವ್ವನೂ ಬಿಡುತ್ತಿದ್ದಳು. ಎಲೆಅಡಿಕೆ ಉಗಿದು ಬಾರಲಾ. ಅಧ್ಯಕ್ಷರೇ, ಆ ಲಾಟೀನನ್ನು ದಯವಿಟ್ಟು ಅವನ ಕಡೆಗೆ ಸರಿಸಿ. ಇನ್ನೂ ಸ್ವಲ್ಪ. ದೀಪ ಸಂದಾಕ್ ಕಾಣ್ತದೇನ್ಲಾ ಸಿದ್ದ?

ಮಹದೇವಮ್ಮನವರೇ, ಆ ಕಂಬದ ಹತ್ತಿರ ಕೊಂಚ ಜಾಗ ಮಾಡಿ. ಬೋಗುಣಿ ಈ ಕಡೆ ಎಳೆಯಿರಿ. ನಗಬೇಡಿ, ನಾನು ಎಂದೂ ಹಿತುಕಿದವನಲ್ಲ, ಕಾಳು ಹಾರಿ ಯಾರ ಕಣ್ಣಿಗಾದರೂ ಬಿದ್ದರೆ ಕ್ಷಮಿಸಿ. ಇಂದು ನನ್ನ ಕೈಯಲ್ಲಿ ಪುಸ್ತಕವಿಲ್ಲ.

ಇಷ್ಟು ಹೊತ್ತು ನನ್ನ ಮನೆಯ ಮಾತನ್ನು ಊರಿನ ಮಾತೆಂದು ಕೇಳಿದಿರಿ. ಅಧ್ಯಕ್ಷರಿಗೆ, ಬಸ್ಸು ತಪ್ಪಿಸಿಕೊಂಡ ಮೇಷ್ಟರಿಗೆ, ನನ್ನನ್ನು ಇನ್ನೂ ದುರುಗುಟ್ಟಿ ನೋಡುತ್ತಿರುವ ಚಿಕ್ಕಬೋರಮ್ಮನವರಿಗೆ, ನಿಮಗೆಲ್ಲರಿಗೂ ನಾನು ಋಣಿ. ಶ್ರೀಯುತ ಸಿದ್ದರಾಜು ಅವರು ಈಗ ಓದುತ್ತಾರೆ. ಸರಿಯಾಗಿ ಓದದೆ ಹೋದರೆ ಒದ್ದೆ ಕೈಯಲ್ಲೇ ಎದ್ದು ಬರುತ್ತೇನೆ.

ನಮಸ್ಕಾರ.